ತಿಗಣೆಯ ಪರವಾಗಿ ನಾಲ್ಕು ಮಾತು

ಈ ಸಲದ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ನಮ್ಮ ಕನ್ನಡ ಪ್ರಾಧ್ಯಾಪಕರು ಕೇಳಿದಾಗ, ವರ್ಗದಲ್ಲಿ ಕೆಲವರು ಶರಣರ ಕುರಿತು, ಕೆಲವರು ಗೋಕಾಕ ಫಾಲ್ಸಿನ ಪ್ರವಾಸದ ಕುರಿತು, ಒಬ್ಬಿಬ್ಬರು ಸ್ತ್ರೀಶಿಕ್ಷಣದ ಕುರಿತು ಬರೆಯುವದಾಗಿ ಒಪ್ಪಿಕೊಂಡರು. ನನ್ನ ಸರದಿ ಬಂದಾಗ ನಾನು, "ತಿಗಣೆಯ ಮೇಲೆ ಬರೆಯುತ್ತೇನೆ, ಸರ್" ಎಂದೆ. ಇಡೀ ವರ್ಗ ಗೊಳ್ಳೆಂದು ನಕ್ಕಿತು. ಹಾಸ್ಟೆಲಿನ ಮಂಚಗಳ ವಿಷಯವಾಗಿ ನಾನೇನೋ ತಕರಾರು ಬರೆಯಹೊರಟಿದ್ದೇನೆಂದು ಮಿತ್ರರು ತಿಳಿದರು. ಅಂಥ ದುರುದ್ದೇಶ ನನಗೆ ಇಲ್ಲವೆಂದು ಮೊದಲಿಗೇ ಹೇಳಿಬಿಡುವದು ಒಳಿತು. ನಾನು ಬರೆಯಬೇಕೆಂದಿರುವದು ಮಂಚದ ತಿಗಣೆಯನ್ನು ಕುರಿತಲ್ಲ; ಹೊಲದ ಬದುವಿನ ಮೇಲೆ, ಮೊಳಕಾಲೆತ್ತರದ ಹುಲ್ಲಿನ ಬುಡದಲ್ಲಿ ಬಾಳುವ, ಮನುಷ್ಯನನ್ನು ಎಂದೂ ಪೀಡಿಸದ ಇನ್ನೊಂದು ತಿಗಣೆಯನ್ನು ಕುರಿತು.

ನಮ್ಮ ಕಡೆ 'ತಗಣಿ' ಎಂದರೆ ಸಾಕು, ಅಜ್ಜನ ಹೊರಸನ್ನು ಬಿಸಿಲಿಗೆ ಹಾಕಿ ಕುದಿಯುವ ನೀರು ಸುರಿಯುವ ಚಿತ್ರವೇ ಕಣ್ಣಮುಂದೆ ಬರುತ್ತದೆ. ಆ ಒಂದು ರಕ್ತಪಿಪಾಸು ತನ್ನ ಇಡೀ ಕುಲದ ಹೆಸರನ್ನು ಕೆಡಿಸಿಟ್ಟಿದೆ. ಕೀಟಶಾಸ್ತ್ರಜ್ಞರು ಈ ಕುಲಕ್ಕೆ 'ಹೆಮಿಪ್ಟೆರಾ' ಎಂದು ಕರೆಯುತ್ತಾರೆ. ಅರ್ಧರೆಕ್ಕೆಯವು ಎಂದು ಅದರ ಅರ್ಥ. ಇವುಗಳಲ್ಲಿ ನಿಜವಾದ ತಿಗಣೆ ಎನಿಸಿಕೊಳ್ಳುವವುಗಳ ಮುಂದಿನ ರೆಕ್ಕೆ ಅರ್ಧ ತೊಗಲಿನಂತೆ ಗಟ್ಟಿಯಾಗಿಯೂ, ಉಳಿದರ್ಧ ಈರುಳ್ಳಿಯ ಪೊರೆಯಂತೆ ತೆಳ್ಳಗೂ ಇರುತ್ತದೆ. ಹಲ್ಲು ದವಡೆ ಇವಕ್ಕಿಲ್ಲ. ಬಾಯಿಯ ಬದಲು ಸೂಜಿಯಂಥ ಸೊಂಡಿಲು, ಚುಚ್ಚುವದು, ಹೀರುವದು. ಚುಚ್ಚುವದು ಗಿಡವನ್ನೋ, ಮನುಷ್ಯನನ್ನೋ, ಮತ್ತೊಂದು ಹುಳವನ್ನೋ ಎಂಬದರ ಮೇಲೆ ನಮಗೆ ಅದು ವೈರಿಯೋ ಮಿತ್ರನೋ ಎಂಬದು ನಿಶ್ಚಯವಾಗುತ್ತದೆ. ಆದರೆ ಅಷ್ಟು ವಿಚಾರಿಸುವ ತಾಳ್ಮೆ ಯಾರಿಗಿದೆ?

ನನಗೂ ಇರಲಿಲ್ಲ. ನನ್ನ ಊರು ನಾಗನೂರ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಘಟಪ್ರಭೆಯ ಕಾಲುವೆಯ ನೀರು ಬಂದಲ್ಲೆಲ್ಲ ಕಬ್ಬು, ನಡುನಡುವೆ ಗೋವಿನಜೋಳ, ಅರಿಷಿಣ. ನಮ್ಮದು ಮೂರು ಎಕರೆ. ಎರಡು ಎಕರೆಗೆ ಮಿಕ್ಕಿ ಕಬ್ಬು. ಅರ್ಧ ಎಕರೆಯಲ್ಲಿ ಮೆಣಸಿನಕಾಯಿ. ಬಾವಿಯ ಮಗ್ಗುಲಿಗೆ ಎಮ್ಮೆಗೆಂದು ಹಾಕಿದ ಕುದುರೆಮಸಾಲೆಯ ಒಂದು ಸಣ್ಣ ಮಡಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅವ್ವ ಶಾಲೆಯನ್ನೇ ಕಂಡವಳಲ್ಲ. ಇತಿಹಾಸ, ಅರ್ಥಶಾಸ್ತ್ರ ಓದುವ ನನಗೆ ಹುಳುಹುಪ್ಪಡಿಯ ಗೊಡವೆ ಬೇಕಿರಲಿಲ್ಲ. ಬೇಕಾದದ್ದು ಕಳೆದ ವರುಷ, ಮೆಣಸಿನ ಗಿಡಕ್ಕೆ ಎಲೆ ಮುಟುರು ಬಂದಾಗ.

ಆ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಿಚಿಕೊಂಡಿದ್ದನ್ನು ಕಂಡು ಅಪ್ಪ ಪೇಟೆಯ ಅಂಗಡಿಗೆ ಒಂದು ಎಲೆ ಕಿತ್ತುಕೊಂಡು ಹೋದ. ಅಂಗಡಿಯವರು ಎಲೆಯನ್ನು ತಿರುವಿ ಕೂಡ ನೋಡದೆ ಒಂದು ಬಾಟಲಿ ಕೊಟ್ಟರು. ಎಂಟು ದಿವಸ ಬಿಟ್ಟು ಇನ್ನೊಂದು. ಮತ್ತೆ ಹತ್ತು ದಿವಸಕ್ಕೆ ಎರಡು ಕೂಡಿಸಿ ಹೊಡೆಯಲು ಹೇಳಿದರು. ಮೊದಲ ಸಲ ಹೊಡೆದ ಮೂರನೆಯ ದಿನ ಗಿಡ ಹಸನಾಗಿ ಕಂಡಿತು. ಎರಡು ವಾರದಲ್ಲಿ ನುಸಿಯೂ ಬಿಳಿನೊಣವೂ ಮೊದಲಿಗಿಂತ ಹೆಚ್ಚಾಗಿ ಮರಳಿ ಬಂದವು. ಮೂರನೆಯ ಸಲ ಪಂಪು ಬೆನ್ನಿಗೇರಿಸಿಕೊಂಡು, ಮೂಗಿಗೆ ಟವೆಲು ಕಟ್ಟಿಕೊಂಡು, ಮಧ್ಯಾಹ್ನದ ಗಾಳಿಯಲ್ಲಿ ಎಣ್ಣೆ ಹೊಡೆದ ಅಪ್ಪ ಸಂಜೆ ಬಾವಿಯ ದಂಡೆಯ ಮೇಲೆ ಕುಸಿದು ಕುಳಿತ. ಕಣ್ಣು ಮಂಜು, ಬಾಯಲ್ಲಿ ಜೊಲ್ಲು, ಹೊಟ್ಟೆಯಲ್ಲಿ ಸಂಕಟ. ಒಂದು ರಾತ್ರಿ ದವಾಖಾನೆಯಲ್ಲಿದ್ದು ಮನೆಗೆ ಬಂದ. ಅಂಗಡಿಯ ಉದ್ರಿ ಹಾಗೆಯೇ ಉಳಿಯಿತು. ಈ ವರುಷದ ನನ್ನ ಪರೀಕ್ಷೆಯ ಶುಲ್ಕ ಅವ್ವನ ಹಾಲಿನ ಹಣದಿಂದ ಬಂತೆಂಬದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಅಪ್ಪ ಮಲಗಿದ್ದ ಆ ವಾರ ಮೇವು ಕೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಎಮ್ಮೆ ತಿನ್ನುವ ಸೊಪ್ಪೆಂದು ಕುದುರೆಮಸಾಲೆಯ ಮಡಿಗೆ ಎಣ್ಣೆಯ ಒಂದು ಹನಿಯನ್ನೂ ಅವ್ವ ಬೀಳಗೊಟ್ಟಿರಲಿಲ್ಲ. ಕುಡಗೋಲು ಹಿಡಿದು ಕುಕ್ಕರಗಾಲಲ್ಲಿ ಕುಳಿತು ನೋಡುತ್ತೇನೆ: ಸೊಪ್ಪಿನ ಬುಡದಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಒಂದು ಹುಳ ಸರಸರನೆ ಓಡುತ್ತಿದೆ. ನಿಲ್ಲುತ್ತದೆ, ಮತ್ತೆ ಓಡುತ್ತದೆ. ತಲೆ ಮೈಗಿಂತ ಅಗಲ ಎಂಬಂತೆ ತೋರುತ್ತಿತ್ತು. ಸರಿಯಾಗಿ ನೋಡಿದರೆ ತಲೆಯಲ್ಲ, ಕಣ್ಣು! ಎರಡೂ ಕೆನ್ನೆಯಿಂದ ಹೊರಬಿದ್ದು ಹೆಗಲಿನವರೆಗೆ ಹಿಂದಕ್ಕೆ ಬಾಗಿದ ಗುಡ್ಡಿಗಳು. "ಅವ್ವಾ, ಇದೇನು?" ಎಂದೆ. ಅವಳು ಬಗ್ಗಿ ಕೂಡ ನೋಡಲಿಲ್ಲ. "ಗುಡ್ಡಿಗಣ್ಣಂದು ಅದು. ಏನೂ ಮಾಡೂದಿಲ್ಲ ತಗಿ. ಸಣ್ಣ ಹುಳ ತಿಂತತಿ," ಎಂದಳು. ಇಪ್ಪತ್ತು ವರುಷ ಕಳೆ ತೆಗೆದ, ಮೇವು ಕೊಯ್ದ ಕಣ್ಣು ಅವಳದು. ನಾನು ಮೂರು ವರುಷದಲ್ಲಿ ಓದಿದ ಯಾವ ಪುಸ್ತಕದಲ್ಲಿಯೂ ಇಷ್ಟು ಚಿಕ್ಕದಾದ, ಇಷ್ಟು ಖಚಿತವಾದ ವ್ಯಾಖ್ಯೆಯನ್ನು ಕಂಡಿಲ್ಲ.

ಮೊಬೈಲಿನಲ್ಲಿ ಚಿತ್ರ ತೆಗೆದು, ಧಾರವಾಡದಲ್ಲಿ ಕೃಷಿ ಪದವಿ ಓದುತ್ತಿರುವ ನಮ್ಮೂರ ಗೆಳೆಯನಿಗೆ ಕಳಿಸಿದೆ. ಅವನು ಅದೇ ಸಂಜೆ ಉತ್ತರ ಬರೆದ: ಇದು ದಪ್ಪಗಣ್ಣಿನ ತಿಗಣೆ, 'ಜಿಯೋಕೋರಿಸ್' ಎಂಬ ಜಾತಿಯದು, ನಮ್ಮ ನಾಡಿನಲ್ಲಿ ಹೆಚ್ಚಾಗಿ ಕಾಣುವದು 'ಜಿಯೋಕೋರಿಸ್ ಆಕ್ರಾಪ್ಟೆರಸ್', ಚಿತ್ರ ನೋಡಿ ಅದೇ ಎಂದು ಆಣೆ ಮಾಡಲಾಗದು, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು ಎಂದು. ಗ್ರೀಕ್ ಭಾಷೆಯಲ್ಲಿ 'ಜಿಯೊ' ಎಂದರೆ ನೆಲ, 'ಕೋರಿಸ್' ಎಂದರೆ ತಿಗಣೆ. ನೆಲದಿಗಣೆ! ಆಕ್ರಾಪ್ಟೆರಸ್ ಎಂದರೆ ಕಾವಿಗೂ ಹಳದಿಗೂ ನಡುವಿನ ಮಣ್ಣಿನ ಬಣ್ಣದ ರೆಕ್ಕೆಯುಳ್ಳದ್ದು. ಪ್ರಾಗ್ ನಗರದ ಫ್ರಾಂಜ್ ಫೀಬರ್ ಎಂಬ ಪಂಡಿತ 1844ರಲ್ಲಿ ಈ ಹೆಸರು ಕೊಟ್ಟನು. ಆಮೇಲೆ ಡಬ್ಲ್ಯು. ಎಲ್. ಡಿಸ್ಟಂಟ್ ಎಂಬ ಆಂಗ್ಲನು ಹಿಂದುಸ್ಥಾನದ ಈ ಕುಲದ ಹುಳಗಳನ್ನೆಲ್ಲ 1902ರಿಂದ 1918ರ ವರೆಗೆ ಏಳು ಸಂಪುಟಗಳಲ್ಲಿ ವರ್ಣಿಸಿದನು. ನಮ್ಮ ಬದುವಿನ ಹುಳಕ್ಕೆ ಪ್ರಾಗಿನಲ್ಲಿ ನಾಮಕರಣ, ಲಂಡನ್ನಿನಲ್ಲಿ ಜಾತಕ. ನಾಗನೂರಿನಲ್ಲಿ ಮಾತ್ರ ಅದು ಅನಾಮಿಕ. ಅವ್ವನ ಬಾಯಿಯ ಹೆಸರೊಂದನ್ನು ಬಿಟ್ಟರೆ.

ಅಂದಿನಿಂದ ಹತ್ತಿಪ್ಪತ್ತು ಮುಂಜಾವು ನಾನು ಆ ಮಡಿಯಲ್ಲಿ ಕುಳಿತದ್ದುಂಟು. ಬೆಳಗಾವಿಯ ಪೇಟೆಯಿಂದ ಒಂದು ಸಣ್ಣ ಭೂತಗನ್ನಡಿಯನ್ನೂ ತಂದೆ. ಈ ತಿಗಣೆಯ ಬೇಟೆ ನೋಡುವಂಥದ್ದು. ಜೇಡನ ಹಾಗೆ ಬಲೆ ಹಾಕಿ ಕಾಯುವ ಜಾಣತನ ಇದಕ್ಕಿಲ್ಲ, ಹಲ್ಲಿಯ ಹಾಗೆ ಹೊಂಚುವ ಸಾವಧಾನವೂ ಇಲ್ಲ. ಎಲೆಯಿಂದ ಎಲೆಗೆ, ಎಲೆಯಿಂದ ನೆಲಕ್ಕೆ, ನೆಲದಿಂದ ಮತ್ತೆ ದಂಟಿಗೆ ಸದಾ ಓಡಾಟ. ಎದುರಿಗೆ ಹೇನು, ನುಸಿ, ಜಿಗಿಹುಳದ ಮರಿ, ಪತಂಗದ ತತ್ತಿ ಏನು ಸಿಕ್ಕರೂ ಸೊಂಡಿಲನ್ನು ಮುಂದಕ್ಕೆ ಚಾಚಿ ಚುಚ್ಚಿಬಿಡುತ್ತದೆ. ಉಗುಳು ಇಳಿಸಿ ಒಳಗಿನದನ್ನು ಕರಗಿಸಿ ಹೀರುತ್ತದೆ. ಬಿಟ್ಟದ್ದು ಬರಿಯ ಸಿಪ್ಪೆ. ಒಮ್ಮೆ ಒಂದು ಹೇನನ್ನು ಸೊಂಡಿಲಿನ ತುದಿಗೆ ಸಿಕ್ಕಿಸಿಕೊಂಡೇ, ಹುಡುಗರು ಕಡ್ಡಿಗೆ ಚುಚ್ಚಿದ ಐಸ್‌ಕ್ಯಾಂಡಿ ಹಿಡಿದು ಓಡುವಂತೆ, ಅದು ಓಡಿದ್ದನ್ನು ಕಂಡೆ. ತತ್ತಿಯಿಂದ ಬಂದ ಮರಿಗೆ ರೆಕ್ಕೆಯಿರುವದಿಲ್ಲ. ಐದು ಸಲ ಪೊರೆ ಬಿಟ್ಟ ಮೇಲೆ ರೆಕ್ಕೆ. ಆದರೆ ಕಣ್ಣು ಮಾತ್ರ ಮೊದಲ ದಿನದಿಂದಲೇ ದೊಡ್ಡವು, ಬೇಟೆಯೂ ಮೊದಲ ದಿನದಿಂದಲೇ. ಬೇಟೆ ಸಿಗದ ದಿನ ಹೂವಿನ ರಸವನ್ನೋ ಬಿದ್ದ ಬೀಜವನ್ನೋ ಹೀರಿ ದಿನ ತಳ್ಳುತ್ತದೆ. ಇದು ಬಹಳ ಮುಖ್ಯವಾದ ಸಂಗತಿ. ಬರಿಯ ಮಾಂಸಾಹಾರಿಯಾಗಿದ್ದರೆ ಹೊಲದಲ್ಲಿ ಪೀಡೆ ಇಲ್ಲದಾಗ ಉಪವಾಸ ಬಿದ್ದು ಸಾಯುತ್ತಿತ್ತು. ಬದುವಿನಲ್ಲಿ ನಾಲ್ಕು ಹೂವಿನ ಕಳೆ, ಹುಲ್ಲು ಇದ್ದರೆ ಅದು ಕಾದು ಕೂಡುತ್ತದೆ, ಪೀಡೆ ಬಂದ ದಿನ ಹಾಜರಿರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಇದನ್ನು ಸಾಕಿ, ಏನು ಕೊಟ್ಟರೆ ಎಷ್ಟು ತಿನ್ನುತ್ತದೆ, ಎಷ್ಟು ದಿನ ಬಾಳುತ್ತದೆ ಎಂದು ಲೆಕ್ಕ ಇಟ್ಟಿದ್ದಾರೆ.

ಇನ್ನು ನನ್ನ ವಾದಕ್ಕೆ ಬರುತ್ತೇನೆ. ಮೆಣಸಿನ ಹೊಲಕ್ಕೂ ಕುದುರೆಮಸಾಲೆಯ ಮಡಿಗೂ ನಡುವೆ ಇರುವದು ಒಂದು ಮೊಳದ ಬದು. ಆಚೆ ನೂರು ಗಿಡ ಹುಡುಕಿದರೂ ಒಂದು ಗುಡ್ಡಿಗಣ್ಣ ಸಿಗಲಿಲ್ಲ. ಈಚೆ ಒಂದು ಬುಡಕ್ಕೆ ಎರಡು ಮೂರು. ಎಣ್ಣೆ ನುಸಿಯನ್ನು ಕೊಂದದ್ದು ನಿಜ. ನುಸಿಯನ್ನು ತಿನ್ನುವವನನ್ನೂ ಕೊಂದಿತು. ನುಸಿಗೆ ಮರಿ ಬಲುಬೇಗ, ತಿನ್ನುವವನಿಗೆ ತಡ. ಹೀಗಾಗಿ ಎರಡನೆಯ ಸುತ್ತಿಗೆ ನುಸಿ ಬಂತು, ಕಾವಲುಗಾರ ಬರಲಿಲ್ಲ. ನಾವು ರೊಕ್ಕ ಕೊಟ್ಟು ಕೊಂಡದ್ದು ಔಷಧವನ್ನಲ್ಲ, ಮುಂದಿನ ಬಾಟಲಿಯ ಅವಶ್ಯಕತೆಯನ್ನು.

ಇದು ಅರ್ಧ ಎಕರೆಯ ಹುಡುಗನೊಬ್ಬನ ಕಲ್ಪನೆಯೆಂದು ಯಾರಾದರೂ ಅಂದಾರು. ಇಂಡೋನೇಶಿಯಾದ ಕಥೆ ಕೇಳಿರಿ. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳದ ಪೀಡೆ. ಅದೂ ಈ ಅರ್ಧರೆಕ್ಕೆಯ ಕುಲದ್ದೇ. ಸರಕಾರವೇ ಸವಲತ್ತು ಕೊಟ್ಟು ಔಷಧ ಹೊಡೆಸಿತು. ಹೊಡೆದಷ್ಟೂ ಪೀಡೆ ಹೆಚ್ಚಿತು. ಏಕೆಂದರೆ ಆ ಜಿಗಿಹುಳದ ತತ್ತಿಯನ್ನು ಹೀರುವ ಒಂದು ಹಸಿರು ತಿಗಣೆಯೂ, ಗದ್ದೆಯ ಜೇಡಗಳೂ ಮೊದಲು ಸತ್ತಿದ್ದವು. ಕೊನೆಗೆ 1986ರಲ್ಲಿ ಅಧ್ಯಕ್ಷ ಸುಹಾರ್ತೊ ಅವರು ಭತ್ತಕ್ಕೆ 57 ಬಗೆಯ ಕೀಟನಾಶಕ ಹೊಡೆಯುವದನ್ನು ಆಜ್ಞೆ ಹೊರಡಿಸಿ ನಿಲ್ಲಿಸಿದರು. ಒಂದು ರಾಷ್ಟ್ರದ ಅಧ್ಯಕ್ಷ ತಿಗಣೆಯ ಪಕ್ಷ ವಹಿಸಿದ್ದು ಇತಿಹಾಸದಲ್ಲಿ ಅಪರೂಪವೇ ಸರಿ. ನಮ್ಮ ಇತಿಹಾಸದ ಪಠ್ಯದಲ್ಲಿ ಅದು ಬಂದಿಲ್ಲ.

ಅಷ್ಟು ದೂರವಾದರೂ ಏಕೆ? ನಮ್ಮ ಜಿಲ್ಲೆಯ ಕಬ್ಬಿನ ಮಾತೇ ಇದೆ. 2002ರಲ್ಲಿ ಸಾಂಗಲಿಯ ಕಡೆ ಕಬ್ಬಿನ ಎಲೆಯಡಿಗೆ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡು ಅದೇ ವರುಷ ಬೆಳಗಾವಿಗೂ ಬಂತು. ಎಲೆಯ ಕೆಳಗೆ ಅರಳೆ ಹಿಂಜಿದಂತೆ ಬೆಳ್ಳಗೆ, ಮೇಲೆ ಕಾಡಿಗೆ ಬಳಿದಂತೆ ಕರ್ರಗೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪ ಹೇಳುತ್ತಾನೆ, ಕಬ್ಬಿನೊಳಗೆ ಹೊಕ್ಕು ಬಂದವನ ಅಂಗಿ ಬಿಳಿಯಾಗುತ್ತಿತ್ತೆಂದು. ಆಳೆತ್ತರದ ಕಬ್ಬಿನಲ್ಲಿ ಪಂಪು ಹೊತ್ತು ಒಳಗೆ ಹೋಗುವದಾದರೂ ಹೇಗೆ? ಎಷ್ಟೋ ಜನ ಹೊಡೆದು ಹೊಡೆದು ಸೋತರು. ಆ ಹೇನನ್ನು ಹದ್ದಿಗೆ ತಂದದ್ದು ಬಹುಮಟ್ಟಿಗೆ ಹುಳಗಳೇ: ಡೀಫಾ ಎಂಬ ಪತಂಗದ ಕೀಡಿ, ಮೈಕ್ರೋಮಸ್ ಎಂಬ ಜಾಲರಿ ರೆಕ್ಕೆಯ ಹುಳ, ಎನ್‌ಕಾರ್ಸಿಯ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇವನ್ನು ಬೆಳೆಸಿ ಹೊಲಗಳಿಗೆ ಬಿಟ್ಟರು. ಇದನ್ನು ಕಣ್ಣಾರೆ ಕಂಡ ರೈತರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಆದರೂ ಮರುವರುಷ ಮತ್ತೊಂದು ಹುಳ ಬಂದರೆ ಕಾಲು ತಾನಾಗಿಯೇ ಅಂಗಡಿಯ ಕಡೆ ತಿರುಗುತ್ತದೆ!

ತಿಗಣೆಯ ಹೆಸರಿನಲ್ಲಿ ಆದ ಅನಾಹುತಗಳಲ್ಲಿ ಎಲ್ಲಕ್ಕೂ ಕರಾಳವಾದದ್ದು ನಮ್ಮ ಕಾಸರಗೋಡಿನದು. ಗೇರು ಚಿಗುರಿನ ರಸ ಹೀರುವ 'ಟೀ ಸೊಳ್ಳೆ' ಹೆಸರಿಗೆ ಸೊಳ್ಳೆಯಾದರೂ ಜಾತಿಯಲ್ಲಿ ತಿಗಣೆ. ಆ ಒಂದು ಹುಳವನ್ನು ಕೊಲ್ಲಲೆಂದು ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ರ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಗೇರು, ತಗ್ಗಿನಲ್ಲಿ ಮನೆ, ಬಾವಿ, ತೋಡು. ಎಣ್ಮಕಜೆ, ಪಡ್ರೆ ಮೊದಲಾದ ಊರುಗಳಲ್ಲಿ ಹುಟ್ಟಿದ ಕೂಸುಗಳ ಅಂಗಾಂಗ, ಬುದ್ಧಿ ಬೆಳೆಯದೆ ಹೋದದ್ದನ್ನು ಮೊದಲಿಗೆ ಗುರುತಿಸಿ ಬರೆದವರಲ್ಲಿ ಅಲ್ಲಿಯ ವೈದ್ಯರಾದ ವೈ. ಎಸ್. ಮೋಹನಕುಮಾರ ಅವರೂ, ಪತ್ರಕರ್ತ ಶ್ರೀಪಡ್ರೆಯವರೂ ಇದ್ದರು. ಸರ್ವೋಚ್ಚ ನ್ಯಾಯಾಲಯ ಈ ವಿಷವನ್ನು ದೇಶದಲ್ಲಿ ನಿಲ್ಲಿಸಿದ್ದು 2011ರಲ್ಲಿ. ಚಗಳಿ ಇರುವೆ ಗೂಡು ಕಟ್ಟಿದ ಗೇರುಮರಕ್ಕೆ ಟೀ ಸೊಳ್ಳೆಯ ಕಾಟ ಕಡಿಮೆ; ಆ ಇರುವೆಗೆ ಸಂಬಳವನ್ನೂ ಕೊಡಬೇಕಿರಲಿಲ್ಲ, ಹೆಲಿಕಾಪ್ಟರನ್ನೂ.

ಹಾಗಾದರೆ ಹುಳಗಳೆಲ್ಲ ದೇವತೆಗಳೇ ಎಂದು ಕೇಳಬಹುದು. ಅಲ್ಲ. 2002ರಲ್ಲಿ ಬಿ.ಟಿ. ಹತ್ತಿ ಬಂದ ಮೇಲೆ ಕಾಯಿಕೊರಕದ ಔಷಧ ಹೊಡೆಯುವದು ಕಡಿಮೆಯಾಯಿತು. ಆಗ ಹಾವೇರಿಯ ಕಡೆ ಹತ್ತಿಯ ಮೊಗ್ಗು ಉದುರಿಸುವ ಒಂದು ಮಿರಿಡ್ ತಿಗಣೆ ಮೇಲೆದ್ದಿತು. ಡಿಸ್ಟಂಟನ ಕಾಲದಿಂದಲೂ ಪುಸ್ತಕದಲ್ಲಿ ಹೆಸರಿದ್ದ, ಯಾರೂ ಲೆಕ್ಕಕ್ಕೆ ಇಟ್ಟಿರದ ಹುಳ ಅದು. ಔಷಧ ಕಡಿಮೆಯಾದ ಮಾತ್ರಕ್ಕೆ ಎಲ್ಲವೂ ಸುಸೂತ್ರವಾಗುತ್ತದೆಂಬ ಭ್ರಮೆಯೂ ಬೇಡ. ಇದನ್ನು ನಾನು ನನ್ನ ವಾದಕ್ಕೆ ವಿರುದ್ಧವಾಗಿಯೇ ಹೇಳುತ್ತಿದ್ದೇನೆ. ಆದರೆ ಇದರಿಂದಲೂ ಹೊರಡುವ ಮಾತು ಒಂದೇ: ನೋಡಬೇಕು. ಯಾವ ತಿಗಣೆ, ಎಷ್ಟು, ಏನು ತಿನ್ನುತ್ತಿದೆ ಎಂದು ಬಗ್ಗಿ ನೋಡಿದ ಮೇಲೆ ಕೈ ಎತ್ತಬೇಕು. ನಮ್ಮಲ್ಲಿ ನಡೆದಿರುವದು ಮೊದಲು ಕೈ, ಆಮೇಲೂ ಕೈ.

ನೋಡುವವರು ಯಾರು? ಇಲ್ಲಿ ನನ್ನ ದೂರು ನನ್ನಂಥವರ ಮೇಲೆಯೇ. ನಮ್ಮ ಈ ಕಲಾ ಮಹಾವಿದ್ಯಾಲಯದಲ್ಲಿ ಓದುವವರಲ್ಲಿ ಮುಕ್ಕಾಲು ಪಾಲು ಹೊಲಗೆಲಸದ ಮನೆಯ ಮಕ್ಕಳು. ಶಹರದ ಬಸ್ಸು ಹತ್ತುವಾಗ ಕಾಲಿಗೆ ಅಂಟಿದ ಮಣ್ಣನ್ನು ತೊಳೆಯುವದರ ಜೊತೆಗೆ, ಹೊಲದ ತಿಳಿವಳಿಕೆಯನ್ನೂ ತೊಳೆದುಬಿಡುವದೇ ವಿದ್ಯೆಯ ಲಕ್ಷಣವೆಂದು ಭಾವಿಸಿದ್ದೇವೆ. ನಾನೂ ಹಾಗೆಯೇ ಮಾಡಿದೆ. ಮೊದಲ ವರುಷದಲ್ಲಿ ಅಪ್ಪನನ್ನು ಕಾಲೇಜಿನ ಗೇಟಿನಿಂದಲೇ ಹಿಂದಕ್ಕೆ ಕಳಿಸಿದವನು ನಾನು. ಅವನ ಅಂಗಿಗೆ ಎಣ್ಣೆಯ ವಾಸನೆ ಇತ್ತೆಂದು. ಹುಳದ ವಿಚಾರ ವಿಜ್ಞಾನದವರದು, ಬೆಲೆಯ ವಿಚಾರ ಅರ್ಥಶಾಸ್ತ್ರದವರದು, ಮಾತಿನ ವಿಚಾರ ಕನ್ನಡದವರದು ಎಂದು ನಾವು ಗೋಡೆ ಕಟ್ಟಿಕೊಂಡೆವು. ಔಷಧದ ಡಬ್ಬಿಯ ಮೇಲಿನ ಚೀಟಿಯಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿ ಕನ್ನಡವೂ ಇರುತ್ತದೆ. ಅದನ್ನು ಓದಿ ಹೇಳುವ ಕೆಲಸಕ್ಕೆ ಬಿ.ಎ. ಓದಿದವನು ಸಾಕು. ಆ ಚೀಟಿಯಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆಗೆ ತಕ್ಕ ಗುರುತು ಇರುತ್ತದೆಂಬದು ನನಗೆ ತಿಳಿದದ್ದು ಅಪ್ಪ ದವಾಖಾನೆಗೆ ಹೋದ ಮೇಲೆ. ಅದಕ್ಕೂ ಮೊದಲು ಎರಡು ವರುಷ ಆ ಡಬ್ಬಿಗಳ ಪಕ್ಕದಲ್ಲಿಯೇ ಕುಳಿತು ನಾನು ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ಬಾಯಿಪಾಠ ಮಾಡಿದ್ದೆ.

ಗುರುಗಳಲ್ಲಿಯೂ ಒಂದು ಬಿನ್ನಹವಿದೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಹಳ್ಳಿಗೆ ಹೋದಾಗ ನಾವು ಕಸ ಗುಡಿಸಿ, ಗಟಾರ ಬಳಿದು ಬರುತ್ತೇವೆ, ಬೇಡವೆನ್ನುವದಿಲ್ಲ. ಒಂದು ದಿನ ಮಾತ್ರ ಹಿರಿಯ ಹೆಣ್ಣುಮಕ್ಕಳ ಜೊತೆ ಕಳೆ ತೆಗೆಯಲು ಕೂಡಿಸಿರಿ. ಬದುವಿನ ಹುಲ್ಲಿಗೆ, ಹುಳಕ್ಕೆ ಅವರ ಬಾಯಲ್ಲಿರುವ ಹೆಸರುಗಳನ್ನು ಬರೆದುಕೊಳ್ಳೋಣ. ಲ್ಯಾಟಿನ್ ಹೆಸರು ಬೇಡವೆಂದಲ್ಲ. ಫೀಬರನಿಗೆ ನನ್ನ ನಮಸ್ಕಾರ. ಆದರೆ 'ಜಿಯೋಕೋರಿಸ್ ಉಳಿಸಿರಿ' ಎಂದರೆ ನಮ್ಮ ಓಣಿಯಲ್ಲಿ ಯಾರೂ ತಿರುಗಿ ನೋಡಲಿಕ್ಕಿಲ್ಲ. 'ಗುಡ್ಡಿಗಣ್ಣ ಐತೇನು ನೋಡಿ ಹೊಡಿ' ಎಂದರೆ ಒಬ್ಬನಾದರೂ ಬಗ್ಗಿಯಾನು. ಇನ್ನೊಂದು ಮಾತು: ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಕೊಡುವಾಗ ಬದುವಿನ ಹುಲ್ಲನ್ನೂ ಸೇರಿಸಿ ಸುಡುತ್ತೇವಲ್ಲ, ಅದೊಂದು ಕೆಟ್ಟ ಚಾಳಿ. ಹೊಲ ಚೊಕ್ಕಟವಾಯಿತೆಂದು ನಮಗೆ ಸಮಾಧಾನ. ಅಡಗಿಕೊಳ್ಳಲು ಒಂದು ಗೇಣು ಕರಕಿಯೂ ಇಲ್ಲದ ಹೊಲಕ್ಕೆ ಯಾವ ಕಾವಲುಗಾರ ಬಂದಾನು?

ಇದನ್ನೆಲ್ಲ ಅಪ್ಪನ ಮುಂದೆ ಹೇಳಿದಾಗ ಏನಾಯಿತೆಂದು ಕೇಳುವಿರಿ. ಅವನು ಬಹಳ ಹೊತ್ತು ಸುಮ್ಮನಿದ್ದು, "ತಮ್ಮಾ, ಓದಿದಾಂವ ನೀ, ಖರೇನ ಇರಬೇಕು. ಆದ್ರ ಬೆಳಿ ಹೋದ್ರ ನಿನ್ನ ಗುಡ್ಡಿಗಣ್ಣ ಬಂದು ಸಾಲಾ ತೀರಸತಾನೇನು?" ಎಂದ. ಈ ಪ್ರಶ್ನೆಗೆ ನನ್ನ ಅರ್ಥಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ತಪ್ಪಿದರೆ ನಷ್ಟ ಹೊರುವವನು ಅವನು. ಉಪದೇಶ ಮಾಡುವವನು ನಾನು. ಹೊಲದ ಮೇಲೆ ನಡೆಯುವ ಎಷ್ಟೋ ಪ್ರಯೋಗಗಳ ನಷ್ಟವನ್ನು ಬಡವನ ತಲೆಗೇ ಕಟ್ಟುತ್ತಾರೆಂಬದನ್ನು ಬಲ್ಲೆ. ಹೀಗಾಗಿ ನಾನು ಹಟ ಹಿಡಿಯಲಿಲ್ಲ. ನಾಲ್ಕು ಸಾಲು ಮಾತ್ರ ಬೇಡಿದೆ: ಕುದುರೆಮಸಾಲೆಯ ಮಗ್ಗುಲಿನ ನಾಲ್ಕು ಸಾಲಿಗೆ ಎಣ್ಣೆ ಹೊಡೆಯಬಾರದು, ನಡುವಿನ ಬದುವಿನ ಹುಲ್ಲು ಕೆತ್ತಬಾರದು ಎಂದು. ಅವ್ವ ಒಳಗಿನಿಂದ, "ನಾಕ ಸಾಲಿಗೆ ಊರೇನ ಮುಳಗೂದಿಲ್ಲ, ಬಿಡ್ರಿ," ಎಂದಳು.

ಆ ನಾಲ್ಕು ಸಾಲು ಈ ವರುಷ ಹೇಗಿವೆ ಎಂದರೆ, ಮುಟುರು ಇದೆ; ಇಲ್ಲವೆಂದು ಸುಳ್ಳು ಹೇಳಲಾರೆ. ಬೇರೆ ಸಾಲುಗಳಲ್ಲಿಯೂ ಇದೆ. ಈ ಸಾಲುಗಳಿಗೆ ಔಷಧದ ಖರ್ಚಾಗಿಲ್ಲ ಎಂಬದೊಂದೇ ಸದ್ಯಕ್ಕೆ ನಾನು ಎದೆ ತಟ್ಟಿ ಹೇಳಬಹುದಾದ ವ್ಯತ್ಯಾಸ. ಕಾಯಿ ಬಿಡಿಸಿ ತೂಗಿದ ಮೇಲೆ ಮಿಕ್ಕದ್ದು. ಗುಡ್ಡಿಗಣ್ಣಗಳು ಬದು ದಾಟಿ ಎರಡನೆಯ ಸಾಲಿನವರೆಗೆ ಬಂದಿವೆ.

ಹೋದ ಸೋಮವಾರ ಕಾಲೇಜಿಗೆ ಹೊರಟಿದ್ದೆ. ಅಪ್ಪ ಅಂಗಳದಲ್ಲಿ ಪಂಪಿನ ನಳಿಕೆ ಬಿಚ್ಚಿ ಹಸನು ಮಾಡುತ್ತ ಕುಳಿತಿದ್ದ. ನಾನು ಏನೂ ಕೇಳದೆ ಚೀಲ ಹೆಗಲಿಗೆ ಹಾಕಿಕೊಂಡೆ. ಹೊಸ್ತಿಲು ದಾಟುವಾಗ ಅವನು ತಲೆ ಎತ್ತದೆಯೇ ಕೇಳಿದ: "ತಮ್ಮಾ, ಆ ನಿನ್ನ ಭೂತಗನ್ನಡಿ ಎಲ್ಲಿ ಇಟ್ಟೀ?"